ಹನ್ನೊಂದು ಚಪ್ಪಡಿ

ಹಡಗುಕಟ್ಟೆಯ ಗೇಟಿಗೆ ಬೀಗ ಬಿದ್ದು ಒಂಬತ್ತು ವರ್ಷ.
ಗೋಡೆಯ ಬಿರುಕಲ್ಲಿ ಕೇಪರ್ ಗಿಡ, ಗಿಡದಡಿ
ತುಕ್ಕು ತಿಂದ ಕೊಳವೆ, ಕೊಳವೆಯೊಳಗೆ
ಎರಡು ಕಣ್ಣು.

‘ವಿಸ್ಟಿನ್, ಹೇಗೂ ನಿನಗೆ ಕೆಲಸವಿಲ್ಲ’ ಎಂದು
ಲುನ್ಸ್ಯಾತಾ ಬಕೆಟ್ಟು ನನ್ನ ಕೈಗಿಟ್ಟಳು:
ಬೆಂದ ಪಾಸ್ತಾ, ಮೀನಿನ ತಲೆ.
ಅವಳ ಮಂಡಿಗೆ ಆಪರೇಷನ್ನು.
ಕರೆಂಟ್ ಬಿಲ್ಲಿನ ಬೆನ್ನ ಮೇಲೆ ಬೆಕ್ಕುಗಳ ಪಟ್ಟಿ:
ಕುಂಟ, ಪಾದ್ರಿ, ಅರ್ಧಮೀಸೆ, ಬೇಕರಿಯವಳು,
ಪಾದ್ರಿಯ ತಮ್ಮ (ಇವನು ಕಚ್ಚುತ್ತಾನೆ).
ಕಟ್ಟಕಡೆಗೆ, ಒತ್ತಿ ಬರೆದದ್ದು:
ಬೂದಿ. ಕೊಳವೆ. ಮುಟ್ಟಬೇಡ.

ಮೂವತ್ತೊಂದು ವರ್ಷ ಬೆಸುಗೆ ಹಾಕಿದ ಕೈ ನನ್ನದು.
ಎಷ್ಟು ಕಾವಿಗೆ ಕಬ್ಬಿಣ ಕಬ್ಬಿಣವನ್ನು ಒಪ್ಪುತ್ತದೆ,
ಬಣ್ಣ ನೋಡಿಯೇ ಹೇಳುತ್ತಿದ್ದೆ.
ಆ ವಿದ್ಯೆ ಇಲ್ಲಿ ನಡೆಯಲಿಲ್ಲ.

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ ಅನ್ನುತ್ತಾರಲ್ಲ,
ಅದು ಮನೆಯ ಬೆಕ್ಕಿನ ಮಾತು.
ಬೀದಿಯದು ಕಣ್ಣು ತೆರೆದೇ ನುಂಗುತ್ತದೆ,
ಒಂದು ಕಿವಿ ಹಿಂದಕ್ಕೆ, ಒಂದು ಕಾಲು
ಆಗಲೇ ಓಟದಲ್ಲಿ.

ತಟ್ಟೆಯಿಟ್ಟು ಹಿಂದೆ ಸರಿದೆ. ಹನ್ನೊಂದು ಚಪ್ಪಡಿ ದೂರ.
ಅಷ್ಟಿದ್ದರೆ ಬೂದಿ ಹೊರಗೆ ಬರುತ್ತದೆ.
ಹತ್ತಾದರೆ ಇಲ್ಲ.
ನೇರ ನೋಡಬಾರದು, ನಿಂತಿರಬಾರದು,
ನೆಲಕ್ಕೆ ಕೂತು ಬೇರೆ ಯಾವುದೋ ಕೆಲಸವಿದ್ದಂತೆ ಇರಬೇಕು.
ಪತ್ರಿಕೆಯ ಮರಣವಾರ್ತೆ ಗಟ್ಟಿಯಾಗಿ ಓದುತ್ತಿದ್ದೆ,
ಸತ್ತವರ ಮಕ್ಕಳ ಹೆಸರು, ಸೊಸೆಯರ ಹೆಸರು,
ಹೂವು ತರಬೇಡಿರೆಂಬ ವಿನಂತಿ ಸಹಿತ.
ಇಡೀ ವಾರ ನಾನಾಡಿದ ಮಾತು ಅಷ್ಟೇ.

ಜೂನಿಗೆ ಹತ್ತು. ಜುಲೈ ಮುಗಿಯುವಾಗ ಏಳು.
ಆಗಸ್ಟಿನಲ್ಲಿ ಊರ ಸಂತನ ಹಬ್ಬ;
ಇಗರ್ಜಿಯ ಹಿಂದಿನಿಂದ ಸಿಡಿಮದ್ದು, ನಡುಹಗಲೇ.
ನಾಲ್ಕು ದಿನ ತಟ್ಟೆಯ ತುಂಬ ಇರುವೆ.
ಐದನೆಯ ದಿನ ಬಂತು, ಒಂಟಿಯಾಗಿ ಅಲ್ಲ.

ಮೂರು ಮರಿ. ಒಂದೊಂದೂ
ಸಿಲಿಂಡರಿನ ಗ್ಯಾಸ್ ಸೋರಿದಂತೆ ಬುಸ್ಸೆನ್ನುತ್ತಿತ್ತು,
ಆ ಸದ್ದಿಗೆ ನನ್ನ ಕೈ ತಾನಾಗಿ ವಾಲ್ವ್ ಹುಡುಕಿತು.
‘ಎಂಟು ವಾರ ದಾಟಿದರೆ ಕೈಗೆ ಸಿಗವು,
ಈಗಲೇ ಎತ್ತು’ ಎಂದಳು ಲುನ್ಸ್ಯಾತಾ ಊರುಗೋಲಿನಿಂದ.
ಟವೆಲ್ಲಿನಲ್ಲಿ ಸುತ್ತಿ, ಚಮಚದ ತುದಿಯಲ್ಲಿ ಕೋಳಿಯ ರಸ,
ಬಚ್ಚಲಮನೆಯಲ್ಲಿ ಹದಿನೆಂಟು ರಾತ್ರಿ.
ಮೊದಲು ಚಮಚ ನೆಕ್ಕಿದವು, ಆಮೇಲೆ ಬೆರಳು,
ಆಮೇಲೆ ಸುಟ್ಟ ಗಾಯದ ಹಳೆಯ ಕಲೆ.
ಒಂದು ರಾತ್ರಿ ಟವೆಲ್ಲಿನೊಳಗಿಂದ
ದೂರದ ದೋಣಿಯ ಎಂಜಿನ್ನಿನಂಥ ಗುರುಗುರು.

ಒಂದು ಔಷಧಿ ಅಂಗಡಿಗೆ ಹೋಯಿತು, ಒಂದು ಶಾಲೆಯ ಟೀಚರಮ್ಮನಿಗೆ.
ಒಂದು ಈಗ ನನ್ನ ಬೂಟಿನೊಳಗೆ ನಿದ್ರೆ ಮಾಡುತ್ತಿದೆ.

ಬೂದಿಗೆ ಬೋನು.
ಏಳನೆಯ ಚಪ್ಪಡಿಯ ಮೇಲೇ ಇಟ್ಟೆ, ಒಳಗೆ ಸಾರ್ಡೀನು,
ಎಂದಿನಂತೆ ಮರಣವಾರ್ತೆ ಓದುತ್ತ ಕೂತೆ.
ನನ್ನ ದನಿ ನಂಬಿ ಒಳಗೆ ಹೋಯಿತು.
ಬಾಗಿಲು ಬಿದ್ದಾಗ ಅದು ಕೂಗಲಿಲ್ಲ,
ತಿರುಗಿ, ಕಂಬಿಯ ನಡುವಿಂದ,
ಓದುತ್ತಿದ್ದ ಬಾಯಿಯನ್ನು ನೋಡಿತು.
ಒಳ್ಳೆಯದಕ್ಕೇ ಮಾಡಿದ್ದು, ಗೊತ್ತು. ಇನ್ನು ಬಸಿರಿಲ್ಲ,
ಗಂಡುಗಳ ಕಾದಾಟವಿಲ್ಲ, ಲಾರಿಯಡಿ ಸಾಯುವ ಮರಿಗಳಿಲ್ಲ.
ಗೊತ್ತಿದ್ದೂ ಆ ರಾತ್ರಿ ಊಟ ಸೇರಲಿಲ್ಲ.

ಡಾಕ್ಟರು ಎಡಗಿವಿಯ ತುದಿ ಕತ್ತರಿಸಿ ಕಳಿಸಿದರು,
ಇನ್ನೊಬ್ಬರು ಹಿಡಿಯದಿರಲಿ ಎಂಬ ಗುರುತಿಗೆ.
ಬೋನು ತೆರೆದೆ. ಬೂದಿ ಇಲ್ಲ, ಬರೀ ಗಾಳಿ.

ಹದಿನಾರು ಚಪ್ಪಡಿ.
ಆಮೇಲೆ ಗೋಡೆ ಬಂತು, ಅದರಾಚೆ ಎಣಿಸಲಾಗಲಿಲ್ಲ.

ಇದು ಫೆಬ್ರವರಿ. ತೆಂಕಣ ಗಾಳಿಗೆ
ಬಟ್ಟೆಯೆಲ್ಲ ಮರಳು. ಲುನ್ಸ್ಯಾತಾ ಈಗ ನಡೆಯುತ್ತಾಳೆ,
ಆದರೂ ಬಕೆಟ್ಟು ವಾಪಸ್ ಕೇಳಿಲ್ಲ.
ಇವತ್ತು ಪತ್ರಿಕೆಯಲ್ಲಿ ನನ್ನ ಜೊತೆ ಕೆಲಸ ಮಾಡಿದವನ ಹೆಸರಿತ್ತು.
ಎರಡು ಸಲ ಓದಿದೆ. ಮೂರನೆಯ ಸಲಕ್ಕೆ ದನಿ ಹೊರಡಲಿಲ್ಲ.
ತಲೆಯೆತ್ತಿದರೆ ಬೂದಿ,
ಬಾಯಲ್ಲಿ ಮೀನಿನ ತುಣುಕು,
ಓದು ನಿಂತದ್ದೇಕೆಂದು ಕೇಳುವಂತೆ, ಕತ್ತರಿಸಿದ ಕಿವಿ ನೆಟ್ಟಗೆ.
ಮತ್ತೆ ಶುರುಮಾಡಿದೆ, ಮೊದಲಿನಿಂದ.
ಅದು ಅಗಿಯಿತು. ಅಗಿಯುತ್ತಲೇ ಒಮ್ಮೆ, ನಿಧಾನ,
ಎರಡೂ ಕಣ್ಣು ಮುಚ್ಚಿತು.

ಎಷ್ಟು ಚಪ್ಪಡಿ ದೂರವಿತ್ತೋ, ಎಣಿಸಲು ಮರೆತೆ.
ಪಟ್ಟಿಯಲ್ಲಿ ‘ಮುಟ್ಟಬೇಡ’ ಹಾಗೇ ಇದೆ.